ಹಿಂಡಿನ ಹಿಂದೆ ನಡೆದವನು

"ಕಾಲು ಇತ್ಲಾಗೆ ಕೊಡು," ಎಂದಳು ಬಾರ್ಲಾ ಚಿಕ್ಕಮ್ಮ.

ಲುರೇನ್ ಎಡಗಾಲನ್ನು ಎತ್ತಿ ಅವಳ ಮಡಿಲ ಮೇಲಿಟ್ಟ. ಮೊಣಕಾಲು ಹುಳಿಬಂದ ಹಿಟ್ಟಿನ ಹಾಗೆ ಉಬ್ಬಿಕೊಂಡಿತ್ತು. ಚಿಕ್ಕಮ್ಮ ಒಲೆಯ ಪಕ್ಕದ ಗೂಡಿನಿಂದ ತಗಡಿನ ಡಬ್ಬಿ ತೆಗೆದು, ಹಳದಿ ಮುಲಾಮನ್ನು ಬೆರಳ ತುಂಬ ಬಳಿದುಕೊಂಡು ಉಜ್ಜತೊಡಗಿದಳು.

"ಚಿಕ್ಕಮ್ಮಾ, ಇದು ಹಸು ಕೆಚ್ಚಲಿಗೆ ಹಚ್ಚೋದಲ್ವಾ?"

"ಹೌದು. ಕೆಚ್ಚಲು ಬಿರಿದು ರಕ್ತ ಬಂದ್ರೂ ನಮ್ಮ ಹಸುಗಳು ಇಷ್ಟು ಮುಖ ಕಿವುಚಲ್ಲ. ಸುಮ್ನೆ ಕೂತ್ಕೋ."

"ವಾಸನೆ ಬರುತ್ತೆ."

"ಬರ್ಲಿ ಬಿಡು. ಎದುರಿನೋರು ನಿನ್ನ ಹತ್ರ ಸುಳಿಯಲ್ಲ. ಅವರನ್ನ ಹತ್ರ ಬಿಡದೇ ಇರೋದೇ ತಾನೇ ನಿನ್ನ ಕೆಲಸ?"

ಲುರೇನ್ ನಕ್ಕ. ಗುರುವಾರದಿಂದೀಚೆಗೆ ಅವನು ನಕ್ಕದ್ದು ಅದೇ ಮೊದಲು. ಒಲೆಯ ಮೇಲೆ ತುರಿದ ಆಲೂಗಡ್ಡೆ ಬೆಣ್ಣೆಯಲ್ಲಿ ಹುರಿಯುತ್ತಿತ್ತು. ಕಿಟಕಿಯಾಚೆ ಹಿಮ ಕರಗಿ ಸೂರಿನಂಚಿನಿಂದ ತೊಟ್ಟಿಕ್ಕುತ್ತಿತ್ತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಚಿಕ್ಕಮ್ಮ ಕಾಫಿಗೆ ಸಕ್ಕರೆ ಬಿಟ್ಟಿದ್ದಳು. "ಸಕ್ಕರೆ ಬಿಟ್ಟಿದ್ದು ಯೇಸುಸ್ವಾಮಿಗೋಸ್ಕರ, ನಿಮ್ಮ ಹಾಕಿ ಆಟಕ್ಕೋಸ್ಕರ ಅಲ್ಲ," ಎಂದು ಅವಳು ಪಾದ್ರಿಗಳಿಗೆ ಹೇಳಿದ್ದಳಂತೆ. "ಆದ್ರೆ ಆತ ಎರಡಕ್ಕೂ ಸೇರಿಸಿ ತಗೊಂಡ್ರೆ ನಾನೇನು ಜಗಳಕ್ಕೆ ಹೋಗಲ್ಲ."

ಆ ಶನಿವಾರ ಸಂಜೆ ಸುರ್‌ಪ್ರಾದ ಹಿಮದಂಗಳದಲ್ಲಿ ಐಸ್ ಹಾಕಿಯ ಕೊನೆಯ ಪಂದ್ಯ. ಸರೋವರದ ನಗರದ ತಂಡಕ್ಕೆ ಮೂರು ಗೆಲುವು, ಸುರ್‌ಪ್ರಾಕ್ಕೆ ಮೂರು. ಏಳನೆಯದರಲ್ಲಿ ಸೋತವರು ದೇಶದ ಮೊದಲ ದರ್ಜೆಯಿಂದ ಕೆಳಗಿಳಿಯಬೇಕು. ನಗರದವರು ಇಳಿದರೆ ಬ್ಯಾಂಕುಗಳಿವೆ, ಕಾರ್ಖಾನೆಗಳಿವೆ, ಒಂದೆರಡು ವರ್ಷದಲ್ಲಿ ಮತ್ತೆ ಹತ್ತಿ ಬರುತ್ತಾರೆ. ಸುರ್‌ಪ್ರಾ ಇಳಿದರೆ ಮತ್ತೆ ಹತ್ತುವುದಿಲ್ಲ ಎಂಬುದು ಕಣಿವೆಯ ಪ್ರತಿಯೊಂದು ಮನೆಗೂ ಗೊತ್ತಿತ್ತು. ಒಂದು ಚರ್ಚು, ಒಂದು ರೈಲುನಿಲ್ದಾಣ, ಚೀಸು ಮಾಡುವ ಸಹಕಾರಿ, ಮತ್ತೆ ಈ ತಂಡ. ಆ ಊರಿಗೆ ಇದ್ದದ್ದೇ ಅಷ್ಟು.

ಗುರುವಾರವೇ ಎಲ್ಲ ಮುಗಿದುಹೋಗಬಹುದಿತ್ತು. ನಗರದಲ್ಲಿ ನಡೆದ ಆರನೆಯ ಪಂದ್ಯದಲ್ಲಿ ಸುರ್‌ಪ್ರಾ ಗೆಲುವಿನ ಅಂಚಿನಲ್ಲಿತ್ತು. ಆಗ ಲುರೇನ್ ತನ್ನ ಬಾಳಿನಲ್ಲಿ ಎಂದೂ ಮಾಡದ್ದನ್ನು ಮಾಡಿದ. ಅವನು ರಕ್ಷಣೆಯ ಆಟಗಾರ. ತನ್ನವರು ಮುನ್ನುಗ್ಗಿದಾಗ ಎದುರಾಳಿಗಳ ಪಾಲಿನ ಅಂಗಳ ಶುರುವಾಗುವ ನೀಲಿ ಗೆರೆಯ ಬಳಿ ನಿಂತು ಹಿಂಬದಿ ಕಾಯಬೇಕಾದವನು. ಆ ದಿನ ಎದುರಿಗೆ ತೆರಪು ಕಂಡಿತು. ಇದೇ ತನ್ನ ಕೊನೆಯ ವರ್ಷ ಎಂಬುದು ನೆನಪಾಯಿತು. ಗೆರೆ ದಾಟಿ ಒಳಗೆ ನುಗ್ಗಿದ. ಪಕ್, ಆಟದ ಆ ರಬ್ಬರು ಬಿಲ್ಲೆ, ಕೋಲಿನ ತುದಿಯಿಂದ ಜಾರಿತು. ಅವನು ತಿರುಗಿ ನೋಡುವಷ್ಟರಲ್ಲಿ ನಗರದ ಇಬ್ಬರು ಅವನು ಬಿಟ್ಟುಬಂದ ಜಾಗದಲ್ಲೇ ಹಾಯ್ದು ಗೋಲು ಹೊಡೆದಿದ್ದರು. ಆಮೇಲೆ ಇನ್ನೊಂದು.

ಊರಲ್ಲಿ ಯಾರೂ ಬೈಯಲಿಲ್ಲ. ಮರುದಿನ ಬೇಕರಿಯವಳು ರೊಟ್ಟಿ ಕೊಡುವಾಗ ಅವನ ಮುಖ ನೋಡದೆ ರೊಟ್ಟಿಯನ್ನೇ ನೋಡಿದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಇವತ್ತು ಆಡಿಸ್ತಾರೋ ಇಲ್ವೋ ಗೊತ್ತಿಲ್ಲ, ಚಿಕ್ಕಮ್ಮಾ," ಎಂದ ಲುರೇನ್.

ಅವಳು ಮೊಣಕಾಲಿಗೆ ಬಟ್ಟೆ ಸುತ್ತಿ ಗಂಟು ಬಿಗಿದಳು. "ಆಡಿಸದಿದ್ರೆ ನನ್ನ ಪಕ್ಕ ಬಂದು ನಿಂತ್ಕೋ. ಹಸುವಿನ ಗಂಟೆ ಹೊರೋಕೆ ಒಬ್ಬ ಬೇಕು. ನನಗೂ ಭುಜ ನೋವು."

* * *

ತಾಯಿ ತೀರಿಕೊಂಡ ಮೇಲೆ ಲುರೇನನನ್ನು ಬೆಳೆಸಿದವಳು ಬಾರ್ಲಾ. ಬೇಸಿಗೆಯಲ್ಲಿ ಅವಳು ಬೆಟ್ಟದ ಮೇಲಿನ ಹುಲ್ಲುಗಾವಲಲ್ಲಿ ಊರಿನ ಹಸುಗಳನ್ನು ಕಾಯುತ್ತ ಚೀಸು ಮಾಡುತ್ತಿದ್ದಳು. ಶರತ್ಕಾಲದಲ್ಲಿ ಹಿಂಡು ಕೆಳಗಿಳಿಯುವ ದಿನ ಊರಿಗೆ ಊರೇ ದಾರಿಯ ಬದಿಯಲ್ಲಿ ನಿಲ್ಲುತ್ತಿತ್ತು. ಮುಂದೆ ಹಿಂಡಿನ ಮುಂದಾಳು ಹಸು, ಕೊಂಬಿಗೆ ಹೂವು, ಕೊರಳಲ್ಲಿ ದೊಡ್ಡ ಗಂಟೆ. ಅದರ ಹಿಂದೆ ಉಳಿದವು. ಎಲ್ಲಕ್ಕಿಂತ ಹಿಂದೆ ಕೈಯಲ್ಲೊಂದು ಕೋಲು ಹಿಡಿದು ಲುರೇನ್. ದಾರಿಯುದ್ದಕ್ಕೂ ಬೇಲಿಯ ತಡಿಕೆ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಬರುವುದು, ಚದುರಿದ ಕರುಗಳನ್ನು ಒಳಕ್ಕೆ ಸೇರಿಸುವುದು ಅವನ ಪಾಲಿನ ಕೆಲಸ.

"ನಾನ್ಯಾಕೆ ಯಾವಾಗ್ಲೂ ಹಿಂದೆ?" ಎಂದು ಅವನು ಒಮ್ಮೆ ಅತ್ತಿದ್ದ.

"ಮುಂದಿರೋದಕ್ಕೆ ಹೂವು, ನಿನಗೆ ಸಗಣಿ. ನಿಜ," ಎಂದಿದ್ದಳು ಚಿಕ್ಕಮ್ಮ. "ಆದ್ರೆ ಒಂದು ಕರು ಕಡಿಮೆ ಬಂತು ಅಂದ್ರೆ, ಊರೋರು ಮುಂದಿರೋದನ್ನ ಕೇಳಲ್ಲ ಕಣೋ. ನಿನ್ನನ್ನ ಕೇಳ್ತಾರೆ. ಯಾರು ದೊಡ್ಡೋರು, ನೀನೇ ಹೇಳು."

ಚಳಿಗಾಲದಲ್ಲಿ ಚರ್ಚಿನ ಹಿಂದಿನ ಗದ್ದೆಗೆ ನೀರು ಹಾಯಿಸಿ ಹೆಪ್ಪುಗಟ್ಟಿಸಿದಾಗ ಹುಡುಗರೆಲ್ಲ ಪಕ್ ಬೆನ್ನು ಹತ್ತಿ ಓಡುತ್ತಿದ್ದರು. ಲುರೇನ್ ಮಾತ್ರ ಹಿಂದೆ ಉಳಿಯುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ, ಕಾಲಿಗೆ ಅಂಟಿದ ಅಭ್ಯಾಸ. ಅದೇ ಅಭ್ಯಾಸ ಅವನನ್ನು ಹದಿನೆಂಟಕ್ಕೆ ಕ್ಲಬ್ಬಿಗೆ ಸೇರಿಸಿತು, ಆಮೇಲೆ ರಾಜಧಾನಿಯ ದೊಡ್ಡ ತಂಡಕ್ಕೆ ಒಯ್ದಿತು, ಒಮ್ಮೆ ದೇಶದ ಕೆಂಪು ಅಂಗಿಯನ್ನೂ ತೊಡಿಸಿತು. ರಾಜಧಾನಿಯ ತಂಡ ಕಪ್ ಗೆದ್ದ ವರ್ಷದ ಚಿತ್ರದಲ್ಲಿ ಅವನು ಇದ್ದಾನೆ. ಅಂಚಿನಲ್ಲಿ, ಅರ್ಧ ಭುಜ ಚೌಕಟ್ಟಿನ ಹೊರಗೆ. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತಿತ್ತು. ಲುರೇನನ ಹೆಸರು ಮೂಳೆವೈದ್ಯರಿಗೆ ಚೆನ್ನಾಗಿ ಗೊತ್ತಿತ್ತು. ಗಂಟೆಗೆ ನೂರೈವತ್ತು ಕಿಲೋಮೀಟರು ವೇಗದಲ್ಲಿ ಬರುವ ಗಟ್ಟಿ ರಬ್ಬರಿಗೆ ಮೈಯೊಡ್ಡಿ ಮಲಗುವುದು ಅವನ ಕಸುಬು.

ಸುರ್‌ಪ್ರಾ ಮೊದಲ ದರ್ಜೆಗೆ ಏರಿದ ವರ್ಷ ಅವನು ಕೇಳಿದವರಿಗೆಲ್ಲ "ಊರಿಗೆ ಹೋಗ್ತೀನಿ" ಎಂದಷ್ಟೇ ಹೇಳಿ ಹಿಂದಿರುಗಿದ. ಅಂದಿನಿಂದ ಅವನು ಊರಿನ ಅಂಗಳದಲ್ಲಿ ಆಡಿದ ಪಂದ್ಯವೊಂದನ್ನೂ ಬಾರ್ಲಾ ತಪ್ಪಿಸಿದವಳಲ್ಲ. ಮುಂದಾಳು ಹಸುವಿನ ಗಂಟೆಯನ್ನು ಚರ್ಮದ ಪಟ್ಟಿಯಲ್ಲಿ ಹೆಗಲಿಗೇರಿಸಿಕೊಂಡು, ಅಂಗಳದ ಸುತ್ತಲಿನ ಹಲಗೆಗಳ ಪಕ್ಕ, ಮೂಲೆಯ ಕಂಬಕ್ಕೆ ಒರಗಿ ನಿಲ್ಲುವಳು.

ಸುರ್‌ಪ್ರಾದಲ್ಲಿ ಎಲ್ಲರೂ ಗಂಟೆ ತರುತ್ತಾರೆ. ಐದು ಸಾವಿರ ಜನ, ಅದರಲ್ಲಿ ಅರ್ಧಕ್ಕರ್ಧ ಜನರ ಕೈಯಲ್ಲಿ ಹಸುವಿನ ಗಂಟೆ. ಆ ಸದ್ದಿನಲ್ಲಿ ಪಕ್ಕದವನ ಮಾತು ಕೇಳಬೇಕಾದರೆ ಅವನ ಬಾಯನ್ನೇ ನೋಡಬೇಕು. ಆದರೆ ತಮ್ಮವನೊಬ್ಬ ಬಿದ್ದು ಏಳದೆ ಹೋದರೆ ಎಲ್ಲರೂ ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದುಬಿಡುತ್ತಾರೆ. ಅದು ಬೆಟ್ಟದಿಂದ ಇಳಿದು ಬಂದ ರೂಢಿ. ಮಂಜಿನಲ್ಲಿ ಹಸುವೊಂದು ಕಾಲು ಜಾರಿ ಕೊರಕಲಿಗೆ ಬಿದ್ದರೆ ಕಾಯುವವರು ಉಳಿದ ಹಸುಗಳ ಗಂಟೆಗಳಿಗೆ ಹುಲ್ಲು ತುರುಕುತ್ತಾರೆ. ಬಿದ್ದದ್ದರ ಗಂಟೆಯೊಂದೇ ಕೇಳಲಿ ಎಂದು. ಅಂಗಳದಲ್ಲಿ ಬಿದ್ದವನು ಎದ್ದು, ತಾನು ಸುಖವಾಗಿದ್ದೇನೆಂದು ಕೋಲನ್ನು ತಲೆಯ ಮೇಲೆತ್ತಿ ತೋರಿಸುವವರೆಗೆ ಯಾರೂ ನಾಲಿಗೆ ಬಿಡುವಂತಿಲ್ಲ. ಎತ್ತಿದನೋ, ಮಾಡು ಹಾರುವ ಹಾಗೆ ಬಾರಿಸುತ್ತಾರೆ.

* * *

ಕೋಚ್ ಎಸ್ಕೋ ಫಿನ್‌ಲೆಂಡಿನವನು; ಮಾತಿಗೆ ಜಿಪುಣ. ಬಟ್ಟೆ ಬದಲಿಸುವ ಕೋಣೆಯ ಹೊರಗೆ ಲುರೇನನನ್ನು ನಿಲ್ಲಿಸಿಕೊಂಡ.

"ಕಾಲು?"

"ಇದೆ."

ಎಸ್ಕೋ ಮೂಗರಳಿಸಿದ. "ಏನದು ನಾತ?"

"ಚಿಕ್ಕಮ್ಮನ ಮುಲಾಮು. ಹಸುವಿಂದು."

"ನಮ್ಮಜ್ಜಿ ಹಿಮಸಾರಂಗದ ಕೊಬ್ಬು ಹಚ್ಚೋಳು. ಇದಕ್ಕಿಂತ ಘಾಟು." ಅವನು ಬಗ್ಗಿ ಮೊಣಕಾಲನ್ನು ನೋಡಿದ. "ನೋಡು, ನಿನ್ನನ್ನ ಹೊರಗೆ ಕೂರಿಸಬೇಕು ಅಂತಿದ್ದೆ. ಮನಸ್ಸು ಬರಲಿಲ್ಲ. ಆಡು. ಆದ್ರೆ ಅವರ ನೀಲಿ ಗೆರೆ ದಾಟಬೇಡ. ಏನೇ ಆಗ್ಲಿ. ಮಾತು ಕೊಡ್ತೀಯಾ?"

"ಕೊಟ್ಟೆ, ಕೋಚ್."

ಒಳಗೆ ಗೋಲು ಕಾಯುವ ಕ್ಲಾವ್ ಕಾಲಿನ ದಪ್ಪ ಕವಚಗಳನ್ನು ಬಿಗಿದುಕೊಳ್ಳುತ್ತಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರು.

"ಏನಂತೆ ಮುದುಕಪ್ಪಂದು?"

"ಗೆರೆ ದಾಟಬೇಡ ಅಂದ್ರು."

"ದಾಟಿದ್ರೆ ನಾನೇ ಓಡಿಬಂದು ಕೋಲಲ್ಲಿ ಬಡೀತೀನಿ," ಎಂದ ಕ್ಲಾವ್. ಆಮೇಲೆ ಗಡ್ಡ ತುರಿಸಿಕೊಂಡ. ಸರಣಿ ಮುಗಿಯುವ ತನಕ ತಂಡದಲ್ಲಿ ಯಾರೂ ಕ್ಷೌರ ಮಾಡಿಸುವಂತಿರಲಿಲ್ಲ. "ಒಂದಂತೂ ನಿಜ ಕಣೋ, ಸೋತ್ರೂ ಗೆದ್ರೂ ಇವತ್ತು ಈ ತುರಿಕೆ ಮುಗಿಯುತ್ತೆ. ಹೆಂಡ್ತಿ ಹತ್ರ ಸೇರಿಸ್ತಾ ಇಲ್ಲ."

ಲುರೇನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಎದ್ದ.

* * *

ಮೂರು ಅವಧಿ ಮುಗಿದಾಗ ಎರಡೂ ಕಡೆ ಎರಡೆರಡು ಗೋಲು. ಹೆಚ್ಚುವರಿ ಆಟ ಶುರುವಾಯಿತು. ಇನ್ನು ಮೊದಲು ಗೋಲು ಹೊಡೆದವರದೇ ಗೆಲುವು.

ಲುರೇನ್ ಕೊಟ್ಟ ಮಾತು ನಡೆಸಿದ್ದ. ಎರಡು ಸಲ ಎದುರಿಗೆ ತೆರಪು ಕಂಡಿತ್ತು. ಎರಡೂ ಸಲ ನೀಲಿ ಗೆರೆಯ ಬಳಿ ಸ್ಕೇಟು ಅಡ್ಡ ತಿರುಗಿಸಿ ನಿಂತಿದ್ದ. ಅಲಗು ಮಂಜುಗಡ್ಡೆಯನ್ನು ಕೆರೆದ ಸದ್ದು ಅವನೊಬ್ಬನಿಗೇ ಕೇಳಿಸಿತು. ಸುತ್ತ ಗಂಟೆಗಳ ಗದ್ದಲ. ಮೊಣಕಾಲು ತನ್ನದಲ್ಲವೇನೋ ಎಂಬ ಹಾಗೆ ಭಾರವಾಗಿತ್ತು. ಮೂಲೆಯ ಕಂಬದ ಬಳಿ ಚಿಕ್ಕಮ್ಮನ ಕೆಂಪು ತಲೆವಸ್ತ್ರ ಆಗಾಗ ಕಣ್ಣಿಗೆ ಬೀಳುತ್ತಿತ್ತು.

ನಗರದವರು ಬಿಡಲಿಲ್ಲ. ಐವರೂ ಸುರ್‌ಪ್ರಾದ ಗೋಲಿನ ಕಡೆಯ ಅಂಗಳದೊಳಕ್ಕೆ ನುಗ್ಗಿ ಸುತ್ತುಗಟ್ಟಿದರು. ಪಕ್ ಒಬ್ಬನಿಂದ ಒಬ್ಬನಿಗೆ ಹಾದು, ಅವರ ನಾಯಕನ ಕೋಲಿಗೆ ಬಂತು. ಅವನು ತೋಳೆತ್ತಿದ. ಕ್ಲಾವನ ಮುಂದೆ ಜನ ಗುಂಪುಗಟ್ಟಿದ್ದರು. ಅವನಿಗೆ ಏನೂ ಕಾಣುತ್ತಿರಲಿಲ್ಲ. ಲುರೇನನಿಗೆ ಕಂಡಿತು. ಯೋಚಿಸಲಿಲ್ಲ. ಎಷ್ಟೋ ಸಾವಿರ ಸಲ ಮಾಡಿದ ಹಾಗೆ ಮೈಯನ್ನು ಅಡ್ಡ ಚೆಲ್ಲಿದ.

ಪಕ್ ಪಕ್ಕೆಲುಬಿಗೆ ಬಡಿಯಿತು. ಉಸಿರು ಪೂರ್ತಿ ಹೊರಗೆ ಹೋಯಿತು. ಅವನು ಬೋರಲಾಗಿ ಬಿದ್ದ.

ಗಂಟೆಗಳು ನಿಂತವು.

ಒಂದೊಂದಾಗಿ ಅಲ್ಲ, ಯಾರೋ ಬಾಗಿಲು ಮುಚ್ಚಿದ ಹಾಗೆ, ಒಮ್ಮೆಲೇ. ಸಾವಿರಾರು ಮುಷ್ಟಿಗಳು ಸಾವಿರಾರು ನಾಲಿಗೆಗಳನ್ನು ಹಿಡಿದಿದ್ದವು. ಪಾದ್ರಿಗಳು ಕೂಡ ಎದ್ದು ನಿಂತು ಟೊಪ್ಪಿಗೆ ತೆಗೆದರು. ಪೂಜೆಯಲ್ಲಿ ಪರಮಪ್ರಸಾದವನ್ನು ಎತ್ತಿಹಿಡಿಯುವ ಹೊತ್ತಿಗೆ ಚರ್ಚಿನಲ್ಲಿ ಇರುವಂಥ ಮೌನ. ಮಾಡಿನ ತೊಲೆಯಿಂದ ನೀರಿನ ಹನಿಯೊಂದು ಬಿದ್ದದ್ದು ಕೇಳಿಸಿತು.

ಕಿವಿ ತುಂಬ ಸದ್ದು ಇದ್ದು, ಆ ಸದ್ದು ತಟಕ್ಕನೆ ನಿಂತರೆ ಎಂಥವನಿಗೂ ಆಟ ನಿಂತಿತೆಂದೇ ಅನ್ನಿಸುತ್ತದೆ. ನಗರದ ಆಟಗಾರರಿಗೂ ಹಾಗೇ ಅನ್ನಿಸಿತು. ಗದ್ದಲದಲ್ಲಿ ತಮಗೆ ಕೇಳದೆ ಸೀಟಿ ಊದಿರಬೇಕು ಎಂದುಕೊಂಡರು. ನಾಯಕ ಸೊಂಟ ನೆಟ್ಟಗೆ ಮಾಡಿದ. ಇನ್ನೊಬ್ಬ ಕೈಗವಸು ಸರಿಪಡಿಸಿಕೊಂಡ. ದೂರದ ತುದಿಯಲ್ಲಿ ಅವರ ಗೋಲು ಕಾಯುವವನು ಬಲೆಯ ಮೇಲಿಟ್ಟ ನೀರಿನ ಬಾಟಲಿಗೆ ಕೈಚಾಚಿದ.

ರೆಫರಿ ಸೀಟಿ ಊದಿರಲಿಲ್ಲ. ತುಟಿಯ ಬಳಿ ತಂದಿದ್ದ, ಅಷ್ಟೆ. ಬಿದ್ದವನು ಏಳುತ್ತಾನೋ ಇಲ್ಲವೋ ನೋಡುತ್ತಿದ್ದ.

ಲುರೇನನ ಕೆನ್ನೆ ಮಂಜುಗಡ್ಡೆಗೆ ಅಂಟಿತ್ತು. ಈ ಮೌನ ಅವನಿಗೆ ಚಿಕ್ಕಂದಿನಿಂದ ಗೊತ್ತು. ಕೊರಕಲಿನ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಚಿಕ್ಕಮ್ಮನ ಪಕ್ಕ, ಕೆಳಗಿನಿಂದ ಗಂಟೆಯ ಸದ್ದು ಬರುತ್ತದೋ ಎಂದು ಅವನು ಕಿವಿಗೊಟ್ಟಿದ್ದ. ಇದು ಮುಗಿದದ್ದರ ಮೌನವಲ್ಲ. ಕೇಳುವವರ ಮೌನ. ಇಡೀ ಕಣಿವೆ ತನ್ನನ್ನು ಕೇಳಿಸಿಕೊಳ್ಳಲು ಕಾಯುತ್ತಿದೆ.

ಉಸಿರು ಮರಳಿತು. ಕಣ್ಣು ಬಿಟ್ಟ. ಪಕ್ ಅವನ ಮೂಗಿನಿಂದ ಮೊಳ ದೂರದಲ್ಲಿತ್ತು.

ಎದ್ದ. ರೆಫರಿ ಸೀಟಿಯನ್ನು ಕೆಳಗಿಳಿಸಿದ. ಲುರೇನ್ ಕೋಲನ್ನು ತಲೆಯ ಮೇಲೆತ್ತಲಿಲ್ಲ. ಅದರ ತುದಿಯಲ್ಲಿ ಪಕ್ ಇತ್ತು. ಕೋಲು ಏಳಲಿಲ್ಲವಾದ್ದರಿಂದ ಯಾರೂ ಗಂಟೆಯನ್ನೂ ಬಿಡಲಿಲ್ಲ. ಅವನು ನಾಯಕನನ್ನು ದಾಟಿದ, ಕೈಗವಸಿನವನನ್ನು ದಾಟಿದ. ಐದು ಸಾವಿರ ಜನ ಉಸಿರು ಹಿಡಿದು ನೋಡುತ್ತಿದ್ದರು. ಅಲ್ಲಿದ್ದದ್ದು ಎರಡು ಅಲಗುಗಳ ಸದ್ದು ಮಾತ್ರ, ಕರ್ರ್, ಕರ್ರ್, ಒಣಹುಲ್ಲು ಕೊಯ್ಯುವ ಕುಡುಗೋಲಿನ ಹಾಗೆ.

ಎದುರಿಗೆ ನೀಲಿ ಗೆರೆ ಬಂತು.

ಗುರುವಾರ ನೆನಪಾಯಿತು. ಕೊಟ್ಟ ಮಾತು ನೆನಪಾಯಿತು. ಬಾಳೆಲ್ಲ ಮಾಡಿದ ಹಾಗೆ ಅವನು ಒಮ್ಮೆ ಹಿಂದಿರುಗಿ ನೋಡಿದ. ಯಾರೂ ಬೆನ್ನು ಹತ್ತಿರಲಿಲ್ಲ. ನಗರದವರೆಲ್ಲ ದೂರದಲ್ಲಿ, ಕ್ಲಾವನ ಗೋಲಿನ ಬಳಿಯೇ ಉಳಿದಿದ್ದರು. ಮುಚ್ಚಬೇಕಾದ ತಡಿಕೆ ಒಂದೂ ಉಳಿದಿರಲಿಲ್ಲ.

ಗೆರೆ ದಾಟಿದ.

ಬಾಟಲಿ ಕೆಳಗೆ ಬಿತ್ತು. ಗೋಲು ಕಾಯುವವನು ಮೊಣಕಾಲೂರಿದ. ಲುರೇನನ ಹೊಡೆತ ಚಂದದ್ದೇನೂ ಅಲ್ಲ; ಅವನ ಹೊಡೆತ ಎಂದೂ ಚಂದದ್ದಾಗಿರಲಿಲ್ಲ. ಪಕ್ ಕುಪ್ಪಳಿಸುತ್ತ ಹೋಗಿ, ಕವಚಕ್ಕೆ ತಗಲಿ, ಎರಡು ಕಾಲುಗಳ ನಡುವೆ ತೂರಿ, ಗೋಲಿನ ಗೆರೆಯ ಆಚೆ ಸುಸ್ತಾದ ಕರುವಿನ ಹಾಗೆ ಮಲಗಿತು.

ರೆಫರಿ ಬಲೆಯತ್ತ ಕೈ ತೋರಿಸಿದ. ಆಗಲೂ ಸದ್ದಿಲ್ಲ. ಲುರೇನನಿಗೆ ಒಂದು ಕ್ಷಣ ಏನೆಂದು ತಿಳಿಯಲಿಲ್ಲ. ಮೇಲಿನ ಸಾಲಿನಿಂದ ಯಾರೋ ಅಳುದನಿಯಲ್ಲಿ ಕಿರುಚಿದರು: "ಎತ್ತೋ ಮಾರಾಯಾ, ಕೋಲು ಎತ್ತೋ!"

ಅವನು ಎತ್ತಿದ.

ಆ ಸಂಜೆ ಎದ್ದ ಸದ್ದನ್ನು ಕಣಿವೆಯ ಮೇಲ್ತುದಿಯ ಮಠದಲ್ಲಿ ಜಪಕ್ಕೆ ಕುಳಿತಿದ್ದ ಸಂನ್ಯಾಸಿಗಳು ಕೇಳಿಸಿಕೊಂಡರಂತೆ. ಕೊಟ್ಟಿಗೆಗಳಲ್ಲಿ ಹಸುಗಳು ಎದ್ದು ನಿಂತವಂತೆ. ಕ್ಲಾವ್ ಅಷ್ಟು ದಪ್ಪ ಕವಚ ತೊಟ್ಟು ಇಡೀ ಅಂಗಳ ಓಡಿಬಂದು ಲುರೇನನ ಮೇಲೆ ಬಿದ್ದ. "ದಾಟಿದ್ರೆ ಬಡೀತೀನಿ ಅಂದಿರ್ಲಿಲ್ವೇನೋ!" ಎಂದು ಅಳುತ್ತ ನಗುತ್ತ ನಿಜವಾಗಿಯೂ ಬಡಿದ. ಮೇಲೆ ಇನ್ನಷ್ಟು ಜನ ಬಿದ್ದರು. ಬೇಕರಿಯವಳು ಹಲಗೆಯ ಮೇಲೆ ಅರ್ಧ ಹತ್ತಿ ಅವನ ಹೆಸರನ್ನು ಕೂಗುತ್ತಿದ್ದಳು.

ಎರಡೂ ತಂಡದವರು ಸಾಲಾಗಿ ಹಾದು ಕೈಕುಲುಕಿದರು. ನಗರದ ನಾಯಕನ ಕಣ್ಣು ಕೆಂಪಾಗಿತ್ತು. "ಸೀಟಿ ಆಯ್ತು ಅಂದ್ಕೊಂಡ್ವಿ ಕಣಯ್ಯ," ಎಂದ.

"ಆಗಿರ್ಲಿಲ್ಲ."

"ಗೊತ್ತು. ತಪ್ಪು ನಮ್ಮದೇ. ಮತ್ತೆ ಮೇಲೆ ಬಂದಾಗ ನಿಮ್ಮೂರಿಗೆ ಕಿವಿಗೆ ಹತ್ತಿ ತುರುಕ್ಕೊಂಡು ಬರ್ತೀವಿ." ಅವನು ಲುರೇನನ ಪಕ್ಕೆಯನ್ನು ಮೆಲ್ಲಗೆ ಮುಟ್ಟಿದ. "ತುಂಬಾ ಜೋರಾಗಿ ಹೊಡೆದೆ. ನೋವಾಯ್ತಾ?"

"ನಾಳೆ ಗೊತ್ತಾಗುತ್ತೆ," ಎಂದ ಲುರೇನ್.

ಎಸ್ಕೋ ಬೆಂಚಿನ ಬಳಿ ಕೈ ಕಟ್ಟಿ ನಿಂತಿದ್ದ.

"ಮಾತು ತಪ್ಪಿದೆ, ಕೋಚ್."

"ಯಾವಾಗ? ನಾನು ಬೆನ್ನು ಮಾಡಿ ನಿಂತಿದ್ದೆ. ಏನೂ ನೋಡಲಿಲ್ಲ," ಎಂದ ಎಸ್ಕೋ. ಆಮೇಲೆ, ಇಷ್ಟು ವರ್ಷದಲ್ಲಿ ಯಾರೂ ಕಂಡಿರದ ಹಾಗೆ, ಮುಖವನ್ನು ಎರಡೂ ಕೈಗಳಲ್ಲಿ ಮುಚ್ಚಿಕೊಂಡ.

* * *

ಜನ ಹಾಡುತ್ತ ಊರ ಚೌಕದ ಕಡೆ ಹೋದರು. ಅಂಗಳ ಖಾಲಿಯಾಗುತ್ತಿತ್ತು. ಮಂಜುಗಡ್ಡೆಯನ್ನು ನಯಗೊಳಿಸುವ ಯಂತ್ರ ಏನೂ ನಡೆದೇ ಇಲ್ಲವೆಂಬಂತೆ ಸುತ್ತು ಹಾಕುತ್ತಿತ್ತು. ಲುರೇನ್ ಬೆವರಿನ ಅಂಗಿಯಲ್ಲೇ ಹಲಗೆಯ ಬಾಗಿಲು ತೆರೆದು ಮೂಲೆಯ ಕಂಬದ ಬಳಿ ಬಂದ.

ಚಿಕ್ಕಮ್ಮ ಇನ್ನೂ ಅಲ್ಲೇ ನಿಂತಿದ್ದಳು. ಕೆಂಪು ತಲೆವಸ್ತ್ರ ಜಾರಿ ಭುಜಕ್ಕೆ ಬಂದಿತ್ತು.

"ಚಿಕ್ಕಮ್ಮಾ, ಗೆದ್ವಿ."

"ಕಂಡೆ ಕಣೋ. ನಾನೇನು ಕುರುಡಿನಾ?"

"ಮತ್ತೆ ಯಾಕೆ ನಿಂತಿದ್ದೀಯಾ? ಬಾ, ಎಲ್ರೂ ಚೌಕದಲ್ಲಿದ್ದಾರೆ."

ಅವಳು ಅಲುಗಾಡಲಿಲ್ಲ. ಕಣ್ಣಿನಿಂದಲೇ ಕೆಳಗೆ ತೋರಿಸಿದಳು. ಅವಳ ಬಲಗೈ ಗಂಟೆಯ ಒಳಗಿತ್ತು. ನಾಲಿಗೆಯನ್ನು ಹಿಡಿದ ಮುಷ್ಟಿ ಇನ್ನೂ ಬಿಗಿಯಾಗಿತ್ತು, ಗೆಣ್ಣುಗಳು ಬಿಳಿಚಿದ್ದವು.

"ನೀನು ಬಿದ್ದಾಗ ಹಿಡಿದೆ," ಎಂದಳು. "ಎದ್ದೆ. ಬಿಡೋಣ ಅಂದ್ರೆ ಕೋಲು ಎತ್ತಲಿಲ್ಲ. ಆಮೇಲೆ ಆ ಗೆರೆ ದಾಟಿದೆ ನೋಡು, ನನ್ನ ಜೀವ ಬಾಯಿಗೆ ಬಂತು. ಎಲ್ರೂ ಬಾರಿಸಿದ್ರು. ನನ್ನ ಕೈ ಮಾತ್ರ ಬಿಚ್ಚಲಿಲ್ಲ. ಚಳಿಗೆ ಮರಗಟ್ಟಿದೆಯೋ, ಏನೋ. ನಗಬೇಡ್ವೋ ಪಾಪಿ."

ಲುರೇನ್ ನಗಲಿಲ್ಲ. ಅವಳ ಮುಂದೆ ಒಳ್ಳೆಯ ಕಾಲಿನ ಮೊಣಕಾಲೂರಿ ಕುಳಿತ. ಗಂಟೆಯೊಳಗೆ ಕೈಹಾಕಿ, ಅವಳ ಮುಷ್ಟಿಯನ್ನು ತನ್ನ ಎರಡೂ ಅಂಗೈಗಳಲ್ಲಿ ಸುತ್ತುವರಿದು, ಬಾಯಿಂದ ಬಿಸಿಯುಸಿರು ಊದಿದ. ಆ ಬೆರಳುಗಳಲ್ಲಿ ಮುಲಾಮಿನ ವಾಸನೆ ಇನ್ನೂ ಇತ್ತು. ಮೊದಲು ಕಿರುಬೆರಳು ಬಿಚ್ಚಿಕೊಂಡಿತು. ಆಮೇಲೆ ಅದರ ಪಕ್ಕದ್ದು.

ಕೊನೆಯ ಬೆರಳು ಬಿಟ್ಟಾಗ ನಾಲಿಗೆ ಜಾರಿ ಗಂಟೆಯ ಅಂಚಿಗೆ ಒಮ್ಮೆ ತಾಗಿತು. ಖಾಲಿ ಅಂಗಳದ ಮೇಲೆ ಆ ಒಂದೇ ನಾದ ಹರಡುತ್ತ ಹೋಗಿ, ಮಾಡಿನ ತೊಲೆಗಳ ನಡುವೆ ಬಹಳ ಹೊತ್ತು ನಿಂತಿತು. ಯಂತ್ರದವನು ಮೋಟಾರು ನಿಲ್ಲಿಸಿ ತಲೆಯೆತ್ತಿ ಕೇಳಿದ.